ಕೈಗವಸು ಸಾಕು

ಅಳಿಯ ಮೂರನೆಯ ಕುಡುಗೋಲನ್ನೂ ಬೆರಳಿನಿಂದ ಮುಟ್ಟಿ ನೋಡಿ ಹಿಂದಕ್ಕೆ ತಳ್ಳಿದ.

"ಇದೂ ಬೇಡ."

ಅಂಗಡಿಯವನು ಅವನ ಮುಖ ನೋಡಿದ. "ಹಿತ್ತಲು ಎದೆಮಟ್ಟ ಬೆಳೆದಿದೆ ಅಂತೀರಿ. ಮಚ್ಚು ಬೇಡ ಅಂದ್ರಿ, ಬಿಟ್ಟೆ. ಉದ್ದ ಹಿಡಿಯ ಕತ್ತಿ ಬೇಡ ಅಂದ್ರಿ, ಅದನ್ನೂ ಬಿಟ್ಟೆ. ಕುಡುಗೋಲಿಗೆ ಏನಾಗಿದೆ ಸ್ವಾಮಿ?"

"ಹರಿತ ಜಾಸ್ತಿ."

"ಮತ್ತೆ ಗಿಡಗಂಟಿಗೆ ಜೋಗುಳ ಹಾಡಿ ಮಲಗಿಸ್ತೀರಾ?"

ಅಳಿಯ ನಗಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ದಪ್ಪ ಚರ್ಮದ ಕೈಗವಸು ತೋರಿಸಿದ. "ಅದು ಕೊಡಿ, ಸಾಕು. ಕೈಯಲ್ಲೇ ಕೀಳ್ತೀನಿ."

ಪಕ್ಕದಲ್ಲಿ ನಿಂತಿದ್ದ ಮಾವ ತುಟಿ ಬಿಗಿಹಿಡಿದ. ಅವನು ಬಡಗಿ. ಉಳಿ, ಗರಗಸಗಳ ನಡುವೆ ತಲೆ ನರೆತವನು. ಮೊಂಡಾಯಿತೆಂದು ಹತಾರವನ್ನು ಬೈದವರನ್ನು ಕಂಡಿದ್ದ. ಹರಿತವಾಯಿತೆಂದು ದೂರಿದವನನ್ನು ಕಂಡದ್ದು ಇದೇ ಮೊದಲು. ಇವನಿಗೆ ಹಿತ್ತಲು ಸ್ವಚ್ಛವಾಗುವುದೇ ಬೇಕಿಲ್ಲ, ಮನೆಯೊಳಗೆ ನಡೆಯುವುದು ಬೀದಿಗೆ ಕಾಣಬಾರದು, ಅಷ್ಟೇ ಎಂದುಕೊಂಡ. ಅನುಮಾನವೂ ಕಳೆಯ ಜಾತಿಯದೇ, ಯಾರೂ ನೀರೆರೆಯಬೇಕಿಲ್ಲ.

ಮಗಳ ನೆರೆಮನೆಯಾಕೆ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಆ ಮನೇಲಿ ಕಿರುಚಾಟ, ಸಾಮಾನು ಒಡೆಯೋ ಸದ್ದು. ಒಮ್ಮೆ ಬಂದು ನೋಡ್ಕೊಂಡು ಹೋಗಿ ಅಣ್ಣಾ." ಮಾರನೆಯ ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದ. ಒಬ್ಬಳೇ ಮಗಳು, ತಾಯಿಯಿಲ್ಲದವಳು. ಅವಳು ಕೇಳಿದ್ದಕ್ಕೆ ಅವನು ಇಲ್ಲವೆಂದವನಲ್ಲ. ಅವಳು ಎತ್ತಿ ಎಸೆದದ್ದಕ್ಕೆ ಗದರಿದವನೂ ಅಲ್ಲ.

ಬಾಗಿಲು ತೆರೆದವನು ಅಳಿಯ. ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಭದ್ರ. "ಬಂದಿರಲ್ಲ ಮಾವ. ಸ್ವಲ್ಪ ದಿನ ಇದ್ದೇ ಹೋಗಿ" ಎಂದು ಮತ್ತೆ ಮತ್ತೆ ಹೇಳಿದ್ದ. ಅತಿವಿನಯ ಧೂರ್ತಲಕ್ಷಣ ಎಂದು ಬಡಗಿ ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ.

ಕೈಗವಸು ತೆಗೆದುಕೊಂಡು ಅಳಿಯ ಸ್ಕೂಟರಿನ ಕಡೆ ನಡೆದ. ಬಡಗಿ ಹಿಂದೆಯೇ ಉಳಿದ. ತಳ್ಳಿಟ್ಟ ಮೂರು ಕುಡುಗೋಲುಗಳಲ್ಲಿ ಒಂದನ್ನು ಆರಿಸಿ, ಅಲಗನ್ನು ಉಗುರಿನ ಮೇಲೆ ಆಡಿಸಿ ಒಪ್ಪಿದ.

"ಅಳಿಯಂದಿರು ಬೈದಾರು" ಎಂದ ಅಂಗಡಿಯವನು, ಕಾಗದ ಸುತ್ತುತ್ತ.

"ಅವನಿಗಲ್ಲ. ನನ್ನ ಮಗಳಿಗೆ."

ಕುಡುಗೋಲು ಕೈಚೀಲದ ತಳ ಸೇರಿತು.

ಮನೆ ಮುಟ್ಟಿದೊಡನೆ ಅಳಿಯ ನೀರನ್ನೂ ಕುಡಿಯದೆ ಹಿತ್ತಲಿಗಿಳಿದ. ಬಡಗಿ ಅಡುಗೆಮನೆಯಲ್ಲಿ ಕುಳಿತ. ಮಗಳು ಸೇಬನ್ನು ಇಡಿಯಾಗಿಯೇ ತಟ್ಟೆಯಲ್ಲಿಟ್ಟು ಮುಂದೆ ತಂದಳು.

"ನನ್ನ ಹಲ್ಲಿಗೆ ಇದು ಬಗ್ಗಲ್ಲ ಪುಟ್ಟಿ. ಚಾಕು ಕೊಡು."

"ಚಾಕು ಇಲ್ಲ ಅಪ್ಪ."

"ಸಂಸಾರ ಅಂದ್ಮೇಲೆ ಒಂದು ಚಾಕು ಇಲ್ವಾ?"

"ಎಲ್ಲಾ ಎಲ್ಲೋ ಸಾಗಿಸಿಬಿಟ್ಟಿದ್ದಾರೆ ನಿಮ್ಮ ಅಳಿಯಂದಿರು. ಕತ್ತರೀನೂ ಬಿಟ್ಟಿಲ್ಲ. ತರಕಾರೀನ ಅಂಗಡಿಯಿಂದಲೇ ಹೆಚ್ಚಿಸಿಕೊಂಡು ತರ್ತಾರೆ."

ಬಡಗಿ ಸೇಬಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆಣ್ಣುಮಗಳು ತನ್ನನ್ನು ಕಾಪಾಡಿಕೊಳ್ಳಲು ಒಂದು ಸಣ್ಣ ಅಲಗೂ ಇರದ ಹಾಗೆ ಮಾಡಿಟ್ಟಿದ್ದಾನೆ.

ಅವನು ಧ್ವನಿ ತಗ್ಗಿಸಿದ. "ಹೊಡೀತಾನಾ?"

ಮಗಳು ಕಿಟಕಿಯಾಚೆ ಬಾಗಿದ್ದ ಬೆನ್ನನ್ನು ನೋಡಿದಳು. "ಬಿಡಿ ಅಪ್ಪ. ಗಂಡಹೆಂಡತಿ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮ ಮನೇಲಿ ಮಲಗಿದ ಮೇಲೇ ಶುರು."

ಅವಳ ಕೆನ್ನೆ, ಕತ್ತು, ಕೈ ಎಲ್ಲವನ್ನೂ ಅವನು ಕಣ್ಣಲ್ಲೇ ತಡಕಿದ. ಒಂದು ಗೀರೂ ಇಲ್ಲ. ಗುರುತು ಉಳಿಯದ ಹಾಗೆ ಹೊಡೆಯುವವನು ಎಷ್ಟು ಪಳಗಿದವನಿರಬೇಕು. ದೇವರೇ, ತಡವಾಗಿ ಬಂದೆನೆ ಎಂದು ಒಳಗೇ ಕೈಮುಗಿದ.

ಆಮೇಲೆ ಚೀಲದಿಂದ ಕಾಗದದ ಸುರುಳಿ ತೆಗೆದು ಅವಳ ಮಡಿಲಲ್ಲಿಟ್ಟ.

"ಹಾಸಿಗೆ ಕೆಳಗೆ ಇಟ್ಕೋ. ನಾನು ಇಲ್ಲದಾಗ ಇದು ಇರಲಿ."

ಮಗಳು ಕಾಗದ ಬಿಡಿಸಿದಳು. ಅಲಗಿನ ಮೇಲೆ ಹೆಬ್ಬೆರಳು ನಿಧಾನವಾಗಿ ಸರಿಯಿತು. ಬೆಳಗಿನಿಂದ ಮಂಕಾಗಿದ್ದ ಮುಖಕ್ಕೆ ಕಳೆ ಬಂತು.

"ಚೆನ್ನಾಗಿದೆ ಅಪ್ಪ."

ಧೈರ್ಯ ಬಂತು ಮಗುವಿಗೆ ಎಂದು ಅವನ ಕಣ್ಣು ಒದ್ದೆಯಾಯಿತು. ಇನ್ನು ಉಳಿದದ್ದು ಅಳಿಯನ ಜೊತೆಗಿನ ಮಾತು. ಅವನು ಹಿತ್ತಲಿಗೆ ನಡೆದ.

ಹಿತ್ತಲು ಇದ್ದ ಹಾಗೆಯೇ ಇತ್ತು. ಅಳಿಯ ಕಿತ್ತಿದ್ದು ಒಂದೇ ಒಂದು ಪಟ್ಟಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲ. ಅದು ಬಾಗಿಲಿನಿಂದ ಹೊರಟಿರಲಿಲ್ಲ. ಮಲಗುವ ಕೋಣೆಯ ಕಿಟಕಿಯ ಕೆಳಗಿನಿಂದ ಹೊರಟು ಹಿಂಬದಿಯ ಗೇಟಿನ ಕಡೆ ಓಡಿತ್ತು. ಬಡಗಿ ಕಿಟಕಿಯನ್ನು ನೋಡಿದ. ಮರದ ಚೌಕಟ್ಟಿನಿಂದ ಸರಳುಗಳನ್ನು ಹದವಾಗಿ ಬಿಚ್ಚಿ ಗೋಡೆಗೊರಗಿಸಲಾಗಿತ್ತು.

"ಇದು ಯಾರಿಗೆ ದಾರಿ?"

"ಕತ್ತಲಾಗೋದ್ರೊಳಗೆ ಗೇಟು ಮುಟ್ಟಬೇಕು ಮಾವ." ಅಳಿಯ ತಲೆ ಎತ್ತಲಿಲ್ಲ. ಬುಡಕ್ಕೆ ಕೈಹಾಕಿ ಇನ್ನೊಂದು ಗಿಡ ಎಳೆದ.

ಕೋಣೆಯಿಂದ ಯಾರಿಗೂ ಕಾಣದ ಹಾಗೆ ಏನನ್ನೋ ಸಾಗಿಸುವ ದಾರಿ. ಏನನ್ನು ಎಂದು ಯೋಚಿಸಿದೊಡನೆ ಬಡಗಿ ಮುನ್ನುಗ್ಗಿ ಅಳಿಯನ ತೋಳು ಹಿಡಿದು ಜಗ್ಗಿದ.

"ನನ್ನ ಮಗಳಿಗೆ ಏನಾದರೂ ಆದ್ರೆ ನಿನ್ನನ್ನ ಸುಮ್ಮನೆ ಬಿಡಲ್ಲ."

ಗುಂಡಿ ಕಿತ್ತು ಹಾರಿತು. ಅಂಗಿಯ ತೋಳು ಮೊಣಕೈವರೆಗೆ ಸರಿಯಿತು.

ಮಣಿಕಟ್ಟಿನಿಂದ ಮೇಲಕ್ಕೆ ಗಾಯದ ಮೇಲೆ ಗಾಯ. ಹಳೆಯವು ಬೆಳ್ಳಗಾಗಿದ್ದವು, ಹೊಸದೊಂದರ ಮೇಲೆ ಹತ್ತಿ ಅಂಟಿಕೊಂಡಿತ್ತು. ಅಲಗಿನ ಗುರುತು ಯಾವುದು, ಮುಳ್ಳಿನದು ಯಾವುದು ಎಂದು ಬಡಗಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಡಿದ ಕೈ ತಾನಾಗಿ ಸಡಿಲವಾಯಿತು.

"ರೀ, ಸಾಕು, ಒಳಗೆ ಬನ್ನಿ." ಅಡುಗೆಮನೆಯಿಂದ ಮಗಳ ದನಿ ಕೇಳಿತು, ಬೆಣ್ಣೆಯಷ್ಟು ಮೆತ್ತಗೆ.

ಅಳಿಯ ಅಲ್ಲಾಡಲಿಲ್ಲ. ಆ ಮೃದುವಾದ ದನಿಯನ್ನೇ ಆಲಿಸುತ್ತ ಕೇಳಿದ:

"ಮಾವ, ನೀವು ಅವಳ ಕೈಗೆ ಏನೂ ಕೊಟ್ಟಿಲ್ಲ ತಾನೇ?"