ದೇವರನಾಮ ಕೇಳುವವಳು
ದೊಡ್ಡವರಿಗಷ್ಟೇ ಪ್ರವೇಶವಿದ್ದ ವಿಹಾರದ ಹಡಗು ಫ್ರಾನ್ಸಿನ ಬಂದರು ಬಿಡುತ್ತಿತ್ತು. ಶೇಷಗಿರಿ ಮೇಲಿನ ಕಂಬಿ ಹಿಡಿದು ಗಂಟಲು ಹರಿಯುವಂತೆ ಕೂಗುತ್ತಿದ್ದ. ದಡದಲ್ಲಿ ಟ್ಯಾಕ್ಸಿಗೆ ಒರಗಿ ನಿಂತಿದ್ದ ಹೆಂಡತಿ ಸುಮ್ಮನೆ ಕೈ ಬೀಸುತ್ತಿದ್ದಳು. ಅವರ ಕೋಣೆ ನೋಡಿಕೊಳ್ಳುವ ಮಂಗಳೂರಿನ ಲ್ಯಾನ್ಸಿ ಓಡಿ ಬಂದ.

"ನಿಲ್ಸೋಕೆ ಹೇಳಪ್ಪಾ! ಅಂಗಡಿ ನೋಡ್ಕೊಂಡ್ ಬರ್ತೀನಿ ಅಂತ ಇಳಿದೋಳು ಅಲ್ಲೇ ಉಳ್ಕೊಂಡ್ಬಿಟ್ಳು!"

"ಇನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ ಸರ್."

"ಅವಳಿಗೇನೂ ಗೊತ್ತಾಗಲ್ಲ ಕಣಯ್ಯಾ. ರಸ್ತೆ ದಾಟೋಕೂ ನಾನೇ ಬೇಕು. ಎರಡು ವರ್ಷದಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ದೇವರನಾಮ ಕೇಳೋದು ಬಿಟ್ರೆ ಅವಳಿಗೆ ಬೇರೆ ಪ್ರಪಂಚವೇ ಇಲ್ಲ. ಭಾಷೆ ಬರದ ಊರಲ್ಲಿ ಏನ್ ಮಾಡ್ತಾಳೆ?"

ಲ್ಯಾನ್ಸಿ ಸಮಾಧಾನ ಹೇಳಿದ: "ಹೆದರಬೇಡಿ ಸರ್. ಅವರ ಸೂಟ್‌ಕೇಸ್ ನಾನೇ ಟ್ಯಾಕ್ಸಿಗೆ ಹಾಕಿ ಕೊಟ್ಟದ್ದು. ಡ್ರೈವರ್ ಹತ್ರ ಮೇಡಂ ಫ್ರೆಂಚಲ್ಲಿ ಎಷ್ಟು ಚಂದ ಮಾತಾಡಿದ್ರು!"