ಒಳ್ಳೆಯ ಕಾಲು

ಊರ ಶಾಲೆಯಲ್ಲಿ ನಡೆದ ಉಚಿತ ಕೃತಕ ಕಾಲಿನ ಶಿಬಿರಕ್ಕೆ ಸಾವಂತ್ರೆವ್ವ ಊರುಗೋಲು ಹಿಡಿದು ಬಂದಿದ್ದಳು. ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಹೊಸ ಕಾಲು ಸಿಕ್ಕರೆ ಮತ್ತೆ ನಾಲ್ಕು ಮನೆಗೆ ಹೋಗಿ ರೊಟ್ಟಿ ಬಡಿಯಬಹುದೆಂದು ಎರಡು ವರ್ಷದಿಂದ ಕಾದಿದ್ದಳು.

“ಕಾಲು ಹ್ಯಾಂಗ ಹೋತು?” ಅಳತೆ ತೆಗೆದುಕೊಂಡ ಡಾಕ್ಟರು ಕೇಳಿದರು.

“ಸಕ್ರಿ ಬ್ಯಾನಿರಿ. ಒಲಿ ಮುಂದ ಕೆಂಡ ತುಳದದ್ದು ಗೊತ್ತಾಗ್ಲೇ ಇಲ್ಲ. ಹುಣ್ಣಾತು, ಕೊಳೀತು, ಕಡದ್ರು.”

ಡಾಕ್ಟರು ಅವಳ ಬಲಗಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಅದಕ್ಕೇನೂ ಆಗಿಲ್ರಿ,” ಎಂದು ಅವಳು ನಕ್ಕಳು. “ಒಂದಿನಾನೂ ನೋವು ಅಂದಿಲ್ಲ.”

“ಇರ್ಲಿ ಬೇ, ಇನ್ನ ಮುಂದ ಭಾರ ಹೊರೋದು ಇದ. ಕಣ್ಣ ಮುಚ್ಚು. ಸೂಜಿ ಚುಚ್ಚಿದ ಕೂಡ್ಲೇ ಹೂಂ ಅನ್ನು.”

ಅವಳು ಕಣ್ಣು ಮುಚ್ಚಿದಳು. ಹೊರಗೆ ಯಾರೋ ಹೊಸ ಕಾಲಿನಲ್ಲಿ ಮೊದಲ ಹೆಜ್ಜೆ ಇಟ್ಟಿರಬೇಕು, ಜನ ಚಪ್ಪಾಳೆ ತಟ್ಟುತ್ತಿದ್ದರು. ಇನ್ನು ತನ್ನ ಸರದಿ ಎಂದು ಅವಳ ಎದೆ ಹಗುರಾಯಿತು. ಸೂಜಿಗಾಗಿ ಬಹಳ ಹೊತ್ತು ಕಾದಳು.

“ಯಾವಾಗ ಚುಚ್ಚತೀರಿ?” ಎಂದು ಕೇಳುತ್ತ ಅವಳು ಕಣ್ಣು ಬಿಟ್ಟಳು.

ಡಾಕ್ಟರು ಅವಳ ಪಾದದ ಮೇಲಿನ ರಕ್ತದ ಹನಿಗಳನ್ನು ಹತ್ತಿಯಿಂದ ಒರೆಸುತ್ತಿದ್ದರು.