ನೇರಳೆ ದುಪಟ್ಟಾ ಹಾಕಿದ ಸೀಟು

ಕುಕ್ಕರ್ ಇನ್ನೂ ಕೂಗಿಲ್ಲ... ಅಷ್ಟರಲ್ಲಿ ಇದೊಂದನ್ನು ಹೇಳಿಬಿಡುತ್ತೇನೆ.

ಕೊರೊನಾ ಕಾಲ. ಲಾಕ್‌ಡೌನ್ ಸಡಿಲಿಸಿದ ಕೂಡಲೇ ನಮ್ಮ ಗಾರ್ಮೆಂಟ್ಸ್ ತೆರೆಯಿತು. ಊರ ಬಸ್ಸುಗಳು ಮಾತ್ರ ಇನ್ನೂ ಓಡುತ್ತಿರಲಿಲ್ಲ.

"ಆರ್ಡರ್ ಹೋಗಬೇಕು, ಎಲ್ಲರೂ ಬನ್ನಿ" ಎಂದಿತು ಕಂಪನಿ. "ಬಸ್ ಕೊಡಿ, ಬರ್ತೀವಿ" ಎಂದಿತು ಯೂನಿಯನ್.

ಕೊನೆಗೆ ಬಂದದ್ದು ಒಂದೇ ಬಸ್ಸು... ಸೀಟಿಗೊಬ್ಬರೇ ಕೂರಬೇಕು.

ಬಸ್ಸಿನ ಪಟ್ಟಿಯಲ್ಲಿ ನಮ್ಮ ಬೀದಿಯ, ಯೂನಿಯನ್ನಿನ ಚಿಕ್ಕತಾಯಕ್ಕನ ಹೆಸರಿತ್ತು. ನನ್ನದಿರಲಿಲ್ಲ.

ನನಗೆ ಆರು ತಿಂಗಳ ಕೂಸು. ಹಾಲು ಕುಡಿಸಿ, ಐದು ಕಿಲೋಮೀಟರ್ ನಡೆದು ಹೋಗುವಷ್ಟರಲ್ಲಿ ಗೇಟ್ ಮುಚ್ಚಿರುತ್ತಿತ್ತು. "ಇನ್ನೊಂದ್ಸಲ ಲೇಟಾದ್ರೆ ಕೆಲ್ಸಕ್ಕೇ ಬರ್ಬೇಡ" ಎಂದಿದ್ದರು.

ದಿನಾ ಆ ಬಸ್ಸು ನನ್ನ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಕಿಟಕಿಯಲ್ಲಿ ಚಿಕ್ಕತಾಯಕ್ಕ. ಅವಳ ಹಿಂದಿನ ಸೀಟು ಖಾಲಿ... ಅದರ ಮೇಲೊಂದು ನೇರಳೆ ದುಪಟ್ಟಾ!

ಹೊಟ್ಟೆ ಧಗಧಗ ಉರಿಯಿತು. ಯೂನಿಯನ್ನಿನವಳಿಗೆ ಎರಡೆರಡು ಸೀಟು... ಯಾವ ನಂಟರಿಗೆ ಹಿಡಿದಿಟ್ಟಿದ್ದಾಳೋ!

ಎಚ್‌ಆರ್ ಮೇಡಂಗೆ ಹೇಳಿಬಿಟ್ಟೆ. ಯೂನಿಯನ್ನಿನವರ ಮೇಲೊಂದು ದೂರು ಸಿಕ್ಕಿತೆಂದು ಅವರು ಖುಷಿಯಿಂದಲೇ ಬರೆದುಕೊಂಡರು. ಮರುದಿನ ಚಿಕ್ಕತಾಯಕ್ಕನ ಹೆಸರು ಪಟ್ಟಿಯಿಂದ ಹೋಯಿತು.

ಎರಡು ದಿನ ಕಳೆಯಿತು... ಬಸ್ಸು ನನ್ನ ಮುಂದೆಯೇ ನಿಂತಿತು!

"ಪ್ರಮೀಳಾ ನೀವೇನಾ? ಹತ್ಕಳಿ" ಎಂದ ಡ್ರೈವರ್. "ಹಾಲುಣ್ಸೋ ತಾಯಂದ್ರಿಗೆ ಸೀಟು ಬೇಕು ಅಂತ ಯೂನಿಯನ್ನೋರು ಪಟ್ಟು ಹಿಡಿದಿದ್ರು. ನೆನ್ನೆ ಸಾಹೇಬ್ರು ಸೈನ್ ಹಾಕುದ್ರು. ಬಸ್ಸಲ್ಲಿರೋಗಂಟ ಚಿಕ್ಕತಾಯಕ್ಕ ಒಬ್ರನ್ನೂ ಆ ದುಪಟ್ಟಾ ಸೀಟಲ್ಲಿ ಕೂರಕ್ಕೆ ಬಿಡ್ಲಿಲ್ಲ. 'ಇದು ನಮ್ ಪ್ರಮೀಳಂದು, ಎಳೇ ಕೂಸಿದೆ. ಈಗ್ಲೇ ಹೇಳ್ಬೇಡಿ, ಸಿಗ್ದಿದ್ರೆ ನೊಂದ್ಕೋತಳೆ' ಅನ್ನೋರು. ಯಾರೋ ಪಾಪಿ ಚಾಡಿ ಹೇಳಿ ಅವ್ರ ಸೀಟೇ ಕಿತ್ತಾಕ್ಸುದ್ರು..."

ಬಸ್ಸು ಹತ್ತಿದೆ. ಆ ದುಪಟ್ಟಾ ಇನ್ನೂ ಅಲ್ಲೇ ಇತ್ತು. ನನಗೆ ಕೂರಲಾಗಲಿಲ್ಲ.

ಸ್ವಲ್ಪ ದೂರದಲ್ಲಿ ಚಿಕ್ಕತಾಯಕ್ಕ ಬುತ್ತಿ ಹಿಡಿದು ನಡೆಯುತ್ತಿದ್ದಳು. ಬಸ್ಸು ನಿಲ್ಲಿಸಲು ಹೇಳಿ ಇಳಿದೆ.

"ಅಕ್ಕಾ... ಆ ಪಾಪಿ ನಾನೇ."

ಅವಳ ಕಣ್ಣು ತುಂಬಿತು.

"ಮೊದ್ಲು ಬಸ್ ಹತ್ತೇ, ಗೇಟ್ ಮುಚ್ತರೆ. ನಿನ್ನ ಕೆಲ್ಸ ಹೋದ್ರೆ ಕೂಸು ನನ್ನ ಬಯ್ತದೆ. ಆ ದುಪಟ್ಟಾ ನನ್ ಮಗಳ್ದು ಕಣೇ, ಅದ್ನಾದ್ರೂ ಜೋಪಾನ ಮಾಡು!"

ಹಾಗೆನ್ನುತ್ತಲೇ ನನ್ನನ್ನು ಬಸ್ಸಿಗೆ ತಳ್ಳಿದಳು.

ಅಂದೇ ಎಚ್‌ಆರ್ ಮುಂದೆ ನಿಂತು ತಪ್ಪು ಒಪ್ಪಿಕೊಂಡೆ. ಅವಳ ಹೆಸರು ಪಟ್ಟಿಗೆ ಮರಳಲು ನಾಲ್ಕು ದಿನ ಹಿಡಿಯಿತು.

ಆ ನಾಲ್ಕೂ ದಿನ, ಅವಳ ಸೀಟಿನ ಮೇಲೆ ನನ್ನ ದುಪಟ್ಟಾ ಇತ್ತು... ಒಬ್ಬರನ್ನೂ ಕೂರಲು ಬಿಡಲಿಲ್ಲ.

ಬೇರೆಯವರು ಹಿಡಿದಿಟ್ಟುಕೊಂಡದ್ದನ್ನು ಕಂಡು ಉರಿಯುವ ಮೊದಲು, ಅದು ಯಾರಿಗಾಗಿ ಎಂದು ಒಮ್ಮೆ ಕೇಳಿ ನೋಡಿ.

ನಿಮಗಾಗಿ ಸೀಟು ಕಾಯುತ್ತಿರುವವರ ಮೇಲೆಯೇ ನೀವಿವತ್ತು ಮುನಿಸಿಕೊಂಡಿಲ್ಲ ತಾನೇ?